ತೋಟದ ಕೆಲಸಕ್ಕೆ ಬಂದ ಹೊಸಬರನ್ನು ಅಣಿಗೊಳಿಸುವ ಕ್ರಮ

ಶಿವಮೊಗ್ಗ ಮತ್ತು ಭದ್ರಾವತಿಗಳ ನಡುವೆ ಇರುವ ಮಲವಗೊಪ್ಪದ ಸುತ್ತಮುತ್ತ ಹಿಂದೆ ಭತ್ತ ಮತ್ತು ಕಬ್ಬು ಮುಖ್ಯ ಬೆಳೆಗಳಾಗಿದ್ದವು. ಇಲ್ಲಿಯ ಸಕ್ಕರೆ ಕಾರ್ಖಾನೆ ನಿಂತು ಬಹಳ ವರ್ಷಗಳಾದವು. ಕಬ್ಬು ಇದ್ದ ಅನೇಕ ಗದ್ದೆಗಳಲ್ಲಿ ಈಗ ಅಡಿಕೆ ನಿಂತಿದೆ. ಆದರೆ ತೋಟ ಹೆಚ್ಚಿದಷ್ಟು ಬೇಗ ತೋಟದ ಕೆಲಸ ಬಲ್ಲವರು ಹೆಚ್ಚಲಿಲ್ಲ. ಮಲೆನಾಡಿನ ಹಳೆಯ ತೋಟಗಳಲ್ಲಿ ಕೊನೆಗಾರನ ಮಗ ತಂದೆಯ ಹಿಂದೆ ನಾಲ್ಕಾರು ಮಳೆಗಾಲ ಓಡಾಡಿ ಕಸಬು ಕಲಿಯುತ್ತಿದ್ದ. ಇಂದು ಕೆಲಸಕ್ಕೆ ಬರುವವರಲ್ಲಿ ಅನೇಕರು ಬಯಲುಸೀಮೆಯವರು ಅಥವಾ ಹೊರ ರಾಜ್ಯದವರು. ಅಡಿಕೆ ಮರವನ್ನು ಹತ್ತಿರದಿಂದ ನೋಡಿರದವರೂ ಉಂಟು. ಬೆಳಿಗ್ಗೆ ಬಸ್ಸಿಳಿದು ಬಂದವನ ಕೈಗೆ ತಿಂಡಿಯಾದ ಕೂಡಲೇ ದೋಟಿ ಕೊಡುವ ರೂಢಿ ನಮ್ಮಲ್ಲಿದೆ.

ಇಲ್ಲಿಂದ ಸ್ವಲ್ಪ ದೂರದ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಎಳೆಯ ವಯಸ್ಸಿನವರಿಗೆ ಯಂತ್ರದ ಅಪಾಯವನ್ನೂ ವಹಿಸಬೇಕಾದ ಎಚ್ಚರಿಕೆಯನ್ನೂ ಪೂರ್ತಿಯಾಗಿ ತಿಳಿಸದೆ ಅಪಾಯಕರ ಯಂತ್ರದ ಮುಂದೆ ನಿಲ್ಲಿಸಬಾರದೆಂದು 1948ರ ಕಾರ್ಖಾನೆ ಕಾಯ್ದೆ ವಿಧಿಸಿತ್ತು. ತೋಟದಲ್ಲಿ ಇಂತಹ ಹೊಣೆ ಯಾರದು? ತೋಟದ ಯಜಮಾನನದೇ ಎಂದು ತಿಳಿದು ಮುಂದಿನ ಕ್ರಮಗಳನ್ನು ಅನುಸರಿಸಬೇಕು.

ಕೆಲಸಕ್ಕೆ ಸೇರಿಸಿಕೊಳ್ಳುವ ಮುನ್ನ

ದಿನಗೂಲಿ ಎಷ್ಟು, ಊಟ ತಿಂಡಿ ಯಾರದು, ರಜೆ ಯಾವಾಗ, ಮುಂಗಡ ಕೊಟ್ಟಿದ್ದರೆ ಹೇಗೆ ವಜಾ ಮಾಡುವುದು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದು ಓದಿ ಹೇಳಬೇಕು. ಜಗಳಗಳು ಬಹುಪಾಲು ಮುಂಗಡದ ಲೆಕ್ಕದಿಂದಲೇ ಹುಟ್ಟುತ್ತವೆ. ಹದಿನೆಂಟು ವರ್ಷ ತುಂಬದವರನ್ನು ಸಿಂಪರಣೆ, ಯಂತ್ರ ಮತ್ತು ಮರ ಹತ್ತುವ ಕೆಲಸಗಳಿಗೆ ಹಚ್ಚಬಾರದು. ತಲೆಸುತ್ತು, ಮೂರ್ಛೆರೋಗ ಇದೆಯೇ ಎಂದು ಕೇಳಬೇಕು. ಹೌದೆಂದರೆ ಕೂಲಿ ತಪ್ಪೀತೆಂಬ ಹೆದರಿಕೆಯಿಂದ ಮುಚ್ಚಿಡುವವರಿದ್ದಾರೆ. ಆದ್ದರಿಂದ ನೆಲದ ಮೇಲಿನ ಕೆಲಸವೂ ಇದೆ ಎಂದು ಮೊದಲೇ ಹೇಳಿ ನಂತರ ಕೇಳುವುದು ಜಾಣತನ. ಮನೆಯವರ ಫೋನ್ ಸಂಖ್ಯೆ ಬರೆದಿಟ್ಟುಕೊಳ್ಳಬೇಕು. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ 18ರಿಂದ 70 ವರ್ಷದೊಳಗಿನ ಬ್ಯಾಂಕ್ ಖಾತೆದಾರರು ಸೇರಬಹುದು. 2022ರಿಂದ ಇದರ ವಾರ್ಷಿಕ ಕಂತು 20 ರೂಪಾಯಿ. ಅಪಘಾತದಲ್ಲಿ ಮರಣ ಹೊಂದಿದರೆ 2 ಲಕ್ಷ ರೂಪಾಯಿ ಪರಿಹಾರ ಉಂಟು. ಈ ಕಂತನ್ನು ಯಜಮಾನನೇ ಕಟ್ಟಿದರೆ ನಷ್ಟವೇನೂ ಆಗದು.

ಮೊದಲ ದಿನ

ಮೊದಲ ದಿನ ಅರ್ಧ ಹೊತ್ತಾದರೂ ತೋಟವನ್ನು ಸುತ್ತಿ ತೋರಿಸಬೇಕು. ಬಾವಿ, ಪಂಪಿನ ಸ್ಟಾರ್ಟರ್, ಔಷಧಿ ಇಡುವ ಕೋಣೆ, ಕುಡಿಯುವ ನೀರು ಎಲ್ಲಿವೆ ಎಂದು ಹೇಳಬೇಕು. ಔಷಧಿ ಡಬ್ಬಿಯ ಮೇಲಿನ ತ್ರಿಕೋನದ ಬಣ್ಣಗಳನ್ನು ಓದು ಬಾರದವರೂ ಕಲಿಯಬಲ್ಲರು: ಕೆಂಪು ಅತ್ಯಂತ ವಿಷಕಾರಿ, ನಂತರ ಹಳದಿ, ನೀಲಿ, ಕೊನೆಗೆ ಹಸಿರು. ಹಾವು ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು ಬೇಡ. 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸಬೇಕು.

ಎಲ್ಲಕ್ಕಿಂತ ಮುಖ್ಯವಾಗಿ, ತೋಟದ ಮೇಲೆ ಅಥವಾ ಅಂಚಿನಲ್ಲಿ ಹಾದುಹೋಗುವ ವಿದ್ಯುತ್ ತಂತಿಗಳನ್ನು ಬೆರಳು ಮಾಡಿ ತೋರಿಸಬೇಕು. ಅಲ್ಯೂಮಿನಿಯಂ ದೋಟಿಯಲ್ಲಿ ವಿದ್ಯುತ್ ಹರಿಯುತ್ತದೆ ಎಂಬುದನ್ನು ಈಗ ಬಹಳ ಮಂದಿ ಬಲ್ಲರು. ಹಗುರವೆಂದು ಜನಪ್ರಿಯವಾಗಿರುವ ಕಾರ್ಬನ್ ಫೈಬರ್ ದೋಟಿಯಲ್ಲಿಯೂ ವಿದ್ಯುತ್ ಹರಿಯುತ್ತದೆ ಎಂಬುದು ಅಷ್ಟಾಗಿ ತಿಳಿದಿಲ್ಲ. ಒದ್ದೆಯಾದ ಬಿದಿರನ್ನೂ ನಂಬುವಂತಿಲ್ಲ. ಐವತ್ತು ಅಡಿ ಉದ್ದದ ದೋಟಿ ವಾಲಿದರೆ ಎರಡು ಸಾಲು ಆಚೆಯ ತಂತಿಗೂ ತಾಗೀತು. ತಂತಿಯ ಎರಡೂ ಬದಿಯಲ್ಲಿ ದೋಟಿಯ ಉದ್ದಕ್ಕಿಂತ ಹೆಚ್ಚು ದೂರದವರೆಗಿನ ಮರಗಳಿಗೆ ಬಣ್ಣದ ಪಟ್ಟಿ ಬಳಿದು, ಆ ಮರಗಳಿಗೆ ಹೊಸಬರು ದೋಟಿ ಎತ್ತಲೇಬಾರದು ಎಂದು ನಿಯಮ ಮಾಡುವುದು ಒಳ್ಳೆಯದು. ಅಲ್ಲಿ ಕೊಯ್ಲು ಮಾಡಬೇಕಾದಾಗ ವಿದ್ಯುತ್ ಕಚೇರಿಗೆ ತಿಳಿಸಿ ಲೈನ್ ತೆಗೆಸಬೇಕು. ಸ್ವತಃ ಫ್ಯೂಸ್ ಕೀಳಲು ಹೋಗಬಾರದು.

ಕೆಲಸ ಕಲಿಸುವ ಬಗೆ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳಿಗೆ ಲಕ್ಷಾಂತರ ಹೊಸಬರು ಬಂದಾಗ ಅವರಿಗೆ ಬೇಗ ಕೆಲಸ ಕಲಿಸಲು ನಾಲ್ಕು ಹಂತದ ಒಂದು ಕ್ರಮವನ್ನು ರೂಪಿಸಲಾಯಿತು. ಬಂದವನ ಅಳುಕು ಬಿಡಿಸಿ ಅವನಿಗೆ ಏನು ಬರುತ್ತದೆಂದು ತಿಳಿಯುವುದು. ಮಾಡಿ ತೋರಿಸಿ ಮುಖ್ಯ ಅಂಶ ಹೇಳುವುದು. ಅವನಿಂದಲೇ ಮಾಡಿಸಿ, ಏಕೆ ಹಾಗೆ ಮಾಡಿದೆ ಎಂದು ಅವನಿಂದಲೇ ಹೇಳಿಸುವುದು. ನಂತರ ಅವನಷ್ಟಕ್ಕೆ ಬಿಟ್ಟು ಆಗಾಗ ನೋಡುವುದು. ನಮ್ಮಲ್ಲಿ ಸಾಮಾನ್ಯವಾಗಿ ಎರಡನೆಯದು ಮಾತ್ರ, ಅದೂ ಅವಸರದಲ್ಲಿ ನಡೆಯುತ್ತದೆ.

ಕೊಳೆರೋಗಕ್ಕೆ ಬೋರ್ಡೋ ದ್ರಾವಣ ತಯಾರಿಸುವುದನ್ನೇ ಉದಾಹರಣೆಯಾಗಿ ನೋಡಬಹುದು. 1910ರ ಸುಮಾರಿಗೆ ಮೈಸೂರು ಸಂಸ್ಥಾನದಲ್ಲಿ ಡಾ. ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಭ್ಯಸಿಸಿದಂದಿನಿಂದ ಈ ದ್ರಾವಣ ನಮ್ಮ ತೋಟಗಳಲ್ಲಿ ನೆಲೆಯೂರಿದೆ. ಶೇ. 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, 1 ಕಿಲೋ ಸುಣ್ಣವನ್ನು ಬೇರೆ 50 ಲೀಟರ್ ನೀರಿನಲ್ಲಿ ಕರಗಿಸಬೇಕು. ಕಬ್ಬಿಣದ ಪಾತ್ರೆ ಸಲ್ಲದು. ಮೈಲುತುತ್ತದ ದ್ರಾವಣವನ್ನು ಸುಣ್ಣದ ತಿಳಿಗೆ ನಿಧಾನವಾಗಿ ಸುರಿಯುತ್ತಾ ಕಲಕಬೇಕು. ನಂತರ ಹೊಳಪಾದ ಕತ್ತಿಯನ್ನು ಒಂದು ನಿಮಿಷ ಅದ್ದಿ ನೋಡಬೇಕು. ಅಲಗಿನ ಮೇಲೆ ತಾಮ್ರದ ಕೆಂಪು ಕಂಡರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಬೇಕು.

ಇದನ್ನು ಒಮ್ಮೆ ತೋರಿಸಿದರೆ ಸಾಲದು. ಎರಡನೆಯ ಬ್ಯಾರಲನ್ನು ಹೊಸಬನೇ ಮಾಡಲಿ, ಕತ್ತಿ ಏಕೆ ಅದ್ದಿದೆ ಎಂದು ಕೇಳಿ. ಸುಣ್ಣ ಕಡಿಮೆಯಾದರೆ ಎಳೆಯ ಕಾಯಿ ಸುಡುತ್ತದೆ ಎಂದು ಅವನ ಬಾಯಿಂದ ಬಂದರೆ ಕಲಿತನೆಂದು ತಿಳಿಯಬಹುದು. ಸುಮ್ಮನೆ ತಲೆಯಾಡಿಸಿದರೆ ಮತ್ತೊಮ್ಮೆ ತೋರಿಸಬೇಕು. ಭಾಷೆ ಬಾರದವರ ವಿಷಯದಲ್ಲಿ ಇದು ಇನ್ನೂ ಮುಖ್ಯ. ಅರ್ಥವಾಗದಿದ್ದರೂ ಹೂಂ ಎನ್ನುವುದು ಮನುಷ್ಯ ಸ್ವಭಾವ. ಕಲ್ಲುಸುಣ್ಣ ಅರಳಿಸುವಾಗ ಸಿಡಿದರೆ ಕಣ್ಣಿಗೆ ಅಪಾಯ. ಆದ್ದರಿಂದ ಕನ್ನಡಕ, ಕೈಗವಸು, ಉದ್ದ ತೋಳಿನ ಅಂಗಿಗಳನ್ನು ಕೊಡುವುದಷ್ಟೇ ಅಲ್ಲ, ತೋರಿಸುವವರೂ ತೊಟ್ಟಿರಬೇಕು. ಹಳಬರು ಬರಿಗೈಯಲ್ಲಿ ಕಲಕಿದರೆ ಹೊಸಬರು ಅದನ್ನೇ ಕಲಿಯುತ್ತಾರೆ.

ಕೊನೆ ಕೊಯ್ಯುವುದನ್ನು ಗಿಡ್ಡ ಮರಗಳಲ್ಲಿ ಆರಂಭಿಸಬೇಕು. ಎಳೆಯದು, ಹದವಾದದ್ದು, ಬಲಿತದ್ದು ಹೀಗೆ ಮೂರು ಕೊನೆಗಳನ್ನು ನೆಲದ ಮೇಲೆ ಇಟ್ಟು ತೋರಿಸಿದರೆ ವ್ಯತ್ಯಾಸ ಬೇಗ ತಿಳಿಯುತ್ತದೆ. ಮರ ಹತ್ತುವುದನ್ನು ಮಾತ್ರ ಯಾರಿಗೂ ಒತ್ತಾಯ ಮಾಡಬಾರದು. ಮಳೆಗೆ ಕಾಂಡ ಜಾರುವಾಗ ನುರಿತವರೂ ಹತ್ತುವುದು ಬೇಡ. ಅಡಿಕೆ ಸುಲಿಯುವ ಯಂತ್ರಕ್ಕೆ ಸೇರಿಸುವ ಮೊದಲು ಸ್ವಿಚ್ ಆರಿಸುವುದನ್ನು ಕಲಿಸಿ, ಓಡಿಸುವುದನ್ನು ಆಮೇಲೆ ಕಲಿಸಬೇಕು. ಸಡಿಲ ಬಟ್ಟೆ, ಸೆರಗು, ಟವೆಲ್ ಬೇಡ.

ಜೊತೆಗಾರ ಮತ್ತು ಮೇಸ್ತ್ರಿ

ಪ್ರತಿ ಹೊಸಬನಿಗೂ ಒಬ್ಬ ಅನುಭವಿ ಜೊತೆಗಾರನನ್ನು ಗೊತ್ತುಮಾಡಬೇಕು. ಕಲಿಸುವಾಗ ಆ ಹಳಬನ ಕೆಲಸ ಹಿಂದೆ ಬೀಳುತ್ತದೆ. ತುಂಡುಗುತ್ತಿಗೆಯಾದರೆ ಅವನ ಕೂಲಿಗೂ ಕತ್ತರಿ ಬೀಳುತ್ತದೆ. ಆ ಒಂದು ವಾರ ಇಬ್ಬರಿಗೂ ದಿನಗೂಲಿ ಕೊಡುವುದು ನ್ಯಾಯ. ಇಲ್ಲವಾದರೆ ಯಾರೂ ಮನಸ್ಸಿಟ್ಟು ಕಲಿಸುವುದಿಲ್ಲ. ತೋಟವನ್ನು ಚೇಣಿಗೆ ಕೊಟ್ಟವರು ಕೆಲಸಗಾರರು ಚೇಣಿದಾರನಿಗೆ ಸೇರಿದವರೆಂದು ಸುಮ್ಮನಿರುತ್ತಾರೆ. ಆದರೆ ತಂತಿ ಎಲ್ಲಿದೆ ಎಂದು ಬಲ್ಲವನು ತೋಟದವನೇ. ತಂಡ ಬಂದ ದಿನ ಮೇಸ್ತ್ರಿಯನ್ನೂ ಪ್ರತಿಯೊಬ್ಬ ದೋಟಿಯವನನ್ನೂ ಕರೆದುಕೊಂಡು ಹೋಗಿ ತಾನೇ ತೋರಿಸಬೇಕು.

ಮುಂಗಾರಿಗೆ ಮುನ್ನ ಮೊದಲ ಸಿಂಪರಣೆಯಾದ 40-45 ದಿನಗಳಿಗೆ ಎರಡನೆಯ ಸಿಂಪರಣೆ ಬರುತ್ತದೆ. ಆಗ ಅದೇ ಹೊಸಬನಿಂದ ಮೊದಲ ಬ್ಯಾರಲ್ ಮಾಡಿಸಿ, ಯಜಮಾನನು ಪಕ್ಕದಲ್ಲಿ ನಿಂತು ಏನನ್ನೂ ಹೇಳದೆ ನೋಡಬೇಕು. ಕತ್ತಿ ಅದ್ದುವುದನ್ನು ಮರೆತರೆ ಆ ಬ್ಯಾರಲನ್ನು ನಿಲ್ಲಿಸಿ, ಪುನಃ ಮೊದಲಿನಿಂದ ತೋರಿಸಬೇಕು.