‘ನಾನೇನಾದ್ರೂ ತಪ್ಪು ಮಾಡಿದ್ನಾ?’: ಲೈಂಗಿಕ ಒಲವಿನ ಹಿಂದಿನ ಜೀವವಿಜ್ಞಾನ

ಕಳೆದ ತಿಂಗಳು ಒಬ್ಬ ತಾಯಿ ನಮಗೆ ಧ್ವನಿ ಸಂದೇಶ ಕಳಿಸಿದ್ರು. ಅವರ ಮೂರನೇ ಮಗ ತಾನು ಗೇ ಅಂತ ಮನೆಯಲ್ಲಿ ಹೇಳಿದ್ದಾನೆ. “ಬಸುರಿಯಾಗಿದ್ದಾಗ ನಾನೇನಾದ್ರೂ ತಪ್ಪು ಮಾಡಿದ್ನಾ? ಹಾರ್ಮೋನ್ ಚಿಕಿತ್ಸೆ ಕೊಡಿಸಬಹುದಾ?” ಅಂತ ಕೇಳಿದ್ದಾರೆ. ಇವತ್ತಿನ ಸಂಚಿಕೆ ಅವರಿಗಾಗಿ.

ಮೊದಲು ಹಾರ್ಮೋನ್ ವಿಷಯ. ಗೇ ಗಂಡಸರಲ್ಲಿ ಟೆಸ್ಟೋಸ್ಟೆರಾನ್ ಕಡಿಮೆ ಇರುತ್ತೆ ಅನ್ನೋದು ಹಳೆಯ ನಂಬಿಕೆ. 1940ರ ದಶಕದಲ್ಲಿ ವೈದ್ಯರು ಕೆಲವರಿಗೆ ಇದನ್ನು ಕೊಟ್ಟೂ ನೋಡಿದ್ರು. ಆಸೆ ಜಾಸ್ತಿಯಾಯ್ತು, ಆದರೆ ಅದು ಯಾರ ಕಡೆಗೆ ಅನ್ನೋದು ಬದಲಾಗಲಿಲ್ಲ.

ಹಾಗಾದ್ರೆ ಹುಟ್ಟುವ ಮೊದಲು? ಅಡ್ರಿನಲ್ ಗ್ರಂಥಿಯ ಒಂದು ಆನುವಂಶಿಕ ತೊಂದರೆಯಿಂದ ಕೆಲವು ಹೆಣ್ಣು ಶಿಶುಗಳಿಗೆ ಗರ್ಭದಲ್ಲೇ ಆಂಡ್ರೋಜೆನ್ ಹೆಚ್ಚಾಗಿ ಸಿಗುತ್ತದೆ. ದೊಡ್ಡವರಾದ ಮೇಲೆ ಇವರಲ್ಲಿ ಹೆಂಗಸರತ್ತ ಒಲವು ಉಳಿದವರಿಗಿಂತ ಹೆಚ್ಚು ಕಂಡುಬರುತ್ತದೆ. ಆದರೂ ಇವರಲ್ಲಿ ಬಹುಪಾಲು ಮಂದಿ ಗಂಡಸರನ್ನೇ ಇಷ್ಟಪಡುತ್ತಾರೆ. ಅಂದರೆ ಹಾರ್ಮೋನಿನ ಪ್ರಭಾವ ಇದೆ, ಆದರೆ ಅದೊಂದೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ.

ಈಗ ಅಣ್ಣಂದಿರ ಕಥೆಗೆ ಬರೋಣ. 1996ರಲ್ಲಿ ಕೆನಡಾದ ರೇ ಬ್ಲಾಂಚರ್ಡ್ ಮತ್ತು ಆಂಥನಿ ಬೋಗರ್ಟ್ ಒಂದು ವಿಚಿತ್ರ ಲೆಕ್ಕ ಮುಂದಿಟ್ಟರು: ಒಬ್ಬೊಬ್ಬ ಅಣ್ಣನಿಗೂ ತಮ್ಮ ಗೇ ಆಗುವ ಸಾಧ್ಯತೆ ಸುಮಾರು ಶೇ. 33ರಷ್ಟು ಏರುತ್ತದೆ. ಕೇಳೋಕೆ ದೊಡ್ಡದು. ಆದರೆ ಮೊದಲ ಮಗನಲ್ಲಿ ಅದು ನೂರಕ್ಕೆ ಎರಡು ಎಂದಿಟ್ಟುಕೊಂಡರೆ, ಮೂವರು ಅಣ್ಣಂದಿರಿರುವವನಲ್ಲಿ ಹೆಚ್ಚುಕಡಿಮೆ ಐದು, ಅಷ್ಟೇ.

ಅಣ್ಣಂದಿರ ಜೊತೆ ಬೆಳೆದದ್ದೇ ಕಾರಣವಾ? 2006ರಲ್ಲಿ ಬೋಗರ್ಟ್ ಅದನ್ನೂ ಪರೀಕ್ಷಿಸಿದರು. ಒಂದೇ ಮನೆಯಲ್ಲಿ ಬೆಳೆದ ದತ್ತು ಅಣ್ಣ, ಮಲಅಣ್ಣಂದಿರಿಂದ ಈ ಪರಿಣಾಮ ಕಾಣಲಿಲ್ಲ. ಬೇರೆ ಮನೆಯಲ್ಲಿ ಬೆಳೆದರೂ ಒಂದೇ ತಾಯಿಯ ಮಕ್ಕಳಾಗಿದ್ದರೆ ಕಂಡಿತು. ಹಾಗಾಗಿ ಗಮನ ಗರ್ಭದತ್ತ ತಿರುಗಿತು. ಆರ್‌ಎಚ್ ನೆಗೆಟಿವ್ ತಾಯಂದಿರಿಗೆ ಇಂಜೆಕ್ಷನ್ ಕೊಡೋದು ಗೊತ್ತಲ್ವಾ? ಮಗುವಿನ ರಕ್ತದ ವಿರುದ್ಧ ತಾಯಿಯ ದೇಹ ಪ್ರತಿಕಾಯ ತಯಾರಿಸಬಾರದು ಅಂತ. ಇಲ್ಲೂ ಅಂಥದ್ದೇ ಊಹೆ. ಗಂಡು ಶಿಶುವಿನ ವೈ ಕ್ರೋಮೋಸೋಮ್ ತಯಾರಿಸುವ ಒಂದು ಪ್ರೋಟೀನ್ ವಿರುದ್ಧದ ಪ್ರತಿಕಾಯಗಳು, ಅಣ್ಣಂದಿರಿರುವ ಗೇ ಗಂಡಸರ ತಾಯಂದಿರಲ್ಲಿ ಹೆಚ್ಚಿದ್ದವು ಎಂದು 2018ರ ಅಧ್ಯಯನ ಹೇಳಿತು. ಅದು ಚಿಕ್ಕ ಅಧ್ಯಯನ. 2023ರಲ್ಲಿ ಕೆಲವರು ಮೂಲ ಲೆಕ್ಕವನ್ನೇ ಪ್ರಶ್ನಿಸಿದ್ದಾರೆ, ಚರ್ಚೆ ಇನ್ನೂ ಮುಗಿದಿಲ್ಲ. ಅಲ್ಲದೆ ಎಷ್ಟೋ ಗೇ ಗಂಡಸರಿಗೆ ಅಣ್ಣಂದಿರೇ ಇಲ್ಲ.

ಜೀನ್? 2019ರಲ್ಲಿ ಸುಮಾರು 4.7 ಲಕ್ಷ ಜನರ ಡಿಎನ್‌ಎ ನೋಡಿದಾಗ ‘ಗೇ ಜೀನ್’ ಅನ್ನೋ ಒಂದೇ ಜೀನ್ ಸಿಗಲಿಲ್ಲ. ಸಣ್ಣ ಸಣ್ಣ ಪ್ರಭಾವದ ಅನೇಕ ಜೀನ್‌ಗಳಿವೆ, ಅವುಗಳಿಂದ ಯಾರದ್ದೇ ಒಲವನ್ನು ಮುಂಚಿತವಾಗಿ ಹೇಳಲಾಗದು.

ಅಮ್ಮಾ, ಈಗ ನಿಮ್ಮ ಪ್ರಶ್ನೆಗೆ. ನೀವು ತಿಂದದ್ದು, ಅತ್ತದ್ದು, ಮಗನನ್ನು ಮುದ್ದು ಮಾಡಿ ಬೆಳೆಸಿದ್ದು, ಯಾವುದೂ ಇದಕ್ಕೆ ಕಾರಣವಲ್ಲ. ಪ್ರತಿಕಾಯದ ಊಹೆ ನಿಜವೇ ಆದರೂ, ಅದು ನಿಮಗೆ ಅರಿವಿಲ್ಲದೇ ದೇಹ ಮಾಡಿಕೊಂಡ ಕೆಲಸ, ತಪ್ಪಲ್ಲ. ಇದು ಕಾಯಿಲೆಯೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಇದನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದಿದೆ. ಒಲವು ‘ಬದಲಾಯಿಸುವ’ ಚಿಕಿತ್ಸೆ ಕೆನಡಾದಲ್ಲಿ 2022ರಿಂದ ಅಪರಾಧ. ಭಾರತದಲ್ಲೂ ಅದೇ ವರ್ಷ ರಾಷ್ಟ್ರೀಯ ವೈದ್ಯಕೀಯ ಆಯೋಗ ಅದನ್ನು ವೈದ್ಯರ ವೃತ್ತಿಗೆ ತಕ್ಕದ್ದಲ್ಲದ ದುರ್ನಡತೆ ಎಂದಿದೆ.

ನಿಮ್ಮ ಮಗ ಈ ಮಾತನ್ನು ಮನೆಯಲ್ಲೇ ಹೇಳಿದ್ದಾನೆ, ಅಂದರೆ ನಿಮ್ಮ ಮೇಲೆ ಅವನಿಗೆ ನಂಬಿಕೆ ಇದೆ. ಇವತ್ತು ಒಂದು ಫೋನ್ ಮಾಡಿ, ಊಟ ಆಯ್ತಾ ಅಂತ ಕೇಳಿ.