ಬುಕ್‌ಮಾರ್ಕ್ ತೆರೆದರೆ ನಿಂತುಬಿಡುವ ಬ್ರೌಸರ್: ‘ಒಂದು ಸಲಕ್ಕೆ ಒಂದೇ ಬದಲಾವಣೆ’ ಎಂಬ ಪಾಠ

ಪ್ರಯೋಗದಲ್ಲಿ ಚಲಕವನ್ನು ನಿಯಂತ್ರಿಸುವುದು ಎಂದರೇನು ಎಂಬುದನ್ನು ಪ್ರೌಢಶಾಲೆಯ ಮಕ್ಕಳಿಗೆ ವ್ಯಾಖ್ಯೆಯ ಮೂಲಕ ತಿಳಿಸುವುದು ಕಷ್ಟ. 10ನೇ ತರಗತಿಯ ವಿಜ್ಞಾನದಲ್ಲಿ ದ್ಯುತಿಸಂಶ್ಲೇಷಣೆಗೆ ಕಾರ್ಬನ್ ಡೈಆಕ್ಸೈಡ್ ಬೇಕೆಂದು ತೋರಿಸುವ ಚಟುವಟಿಕೆ ಇದೆ. ಎರಡು ಕುಂಡದ ಗಿಡಗಳನ್ನು ಮೂರು ದಿನ ಕತ್ತಲಲ್ಲಿಟ್ಟು, ಎರಡಕ್ಕೂ ಗಾಜಿನ ಜಾಡಿ ಮುಚ್ಚಿ, ಒಂದರ ಪಕ್ಕದಲ್ಲಿ ಮಾತ್ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಇಡುತ್ತೇವೆ. ಮಕ್ಕಳು ಚಿತ್ರ ಅಂದವಾಗಿ ಬರೆಯುತ್ತಾರೆ, ಫಲಿತಾಂಶವನ್ನೂ ಹೇಳುತ್ತಾರೆ. ಆದರೆ ‘ಎರಡನೆಯ ಗಿಡ ಯಾಕೆ ಬೇಕಿತ್ತು?’ ಎಂದು ಕೇಳಿದರೆ ತರಗತಿ ಸುಮ್ಮನಾಗುತ್ತದೆ. ಆ ಪ್ರಶ್ನೆಗೆ 9ನೇ ತರಗತಿಯಲ್ಲೇ ಮಕ್ಕಳನ್ನು ಅಣಿಗೊಳಿಸಬಹುದೇ ಎಂದು ನೋಡಲು ನಾನು ಮಾಡಿದ ಎರಡು ಅವಧಿಗಳ ಪಾಠದ ವರದಿ ಇದು. ಪಾಠದ ವಸ್ತು ಗಿಡವಲ್ಲ, ಶಾಲೆಯ ಒಂದು ಕಂಪ್ಯೂಟರ್.

ಸಮಸ್ಯೆಯ ಹಿನ್ನೆಲೆ

ನನ್ನ ಬೋಧನಾಭ್ಯಾಸ ನಡೆದದ್ದು ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ. ಅಲ್ಲಿನ ಕಂಪ್ಯೂಟರ್ ಕೊಠಡಿಯ ಯಂತ್ರಗಳು ಹಳೆಯವು: 2 ಜಿಬಿ ಮೆಮೊರಿ, ಹಾರ್ಡ್ ಡಿಸ್ಕ್, ಉಬುಂಟು ವ್ಯವಸ್ಥೆ, ಫೈರ್‌ಫಾಕ್ಸ್ ಬ್ರೌಸರ್. ವಿಜ್ಞಾನ ವಸ್ತುಪ್ರದರ್ಶನದ ತಯಾರಿಗಾಗಿ ಮಕ್ಕಳು ಮೂರು ವಾರ ಹುಡುಕಿ 46 ಪುಟಗಳನ್ನು ಒಂದೇ ಫೋಲ್ಡರ್‌ನಲ್ಲಿ ಬುಕ್‌ಮಾರ್ಕ್ ಮಾಡಿಟ್ಟಿದ್ದರು. ಆಮೇಲೆ ಆ ಬುಕ್‌ಮಾರ್ಕ್‌ಗಳನ್ನು ತೆರೆಯಲು ಹೋದಾಗಲೆಲ್ಲ ಪರದೆ ನಿಂತುಬಿಡುತ್ತಿತ್ತು. ಮೌಸ್ ಕೂಡ ಅಲುಗಾಡುತ್ತಿರಲಿಲ್ಲ. ಪ್ರತಿ ಸಲವೂ ಯಾರಾದರೊಬ್ಬರು ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡುತ್ತಿದ್ದರು.

‘ಎಲ್ಲಾ ಡಿಲೀಟ್ ಮಾಡಿಬಿಡೋಣ ಮಿಸ್’ ಎಂದ ಒಬ್ಬ ಹುಡುಗ. ಹಿಂದಿನ ಸಾಲಿನ ಹುಡುಗಿ ಒಪ್ಪಲಿಲ್ಲ: ‘ಬೇಡ ಮಿಸ್, ನಮ್ಮನೇಲಿ ನೆಟ್ ಇರೋ ಫೋನ್ ಇಲ್ಲ. ಮತ್ತೆ ಹುಡುಕೋಕೆ ಇಲ್ಲಿಗೇ ಬರಬೇಕು.’ ವಾರಕ್ಕೆ ಒಂದೇ ಕಂಪ್ಯೂಟರ್ ಅವಧಿ ಇರುವಾಗ ಆ ಮೂರು ವಾರದ ಬೆಲೆ ಎಷ್ಟೆಂದು ಅವಳಿಗೆ ಗೊತ್ತಿತ್ತು. ಮಾರ್ಗದರ್ಶಕ ಶಿಕ್ಷಕರು ‘ಇದನ್ನೇ ಪಾಠ ಮಾಡಿ ನೋಡಿ’ ಎಂದು ಅನುಮತಿ ಕೊಟ್ಟರು.

ಪೂರ್ವಸಿದ್ಧತೆ

ರಿಪೇರಿಗೆ ಮೊದಲು ಬ್ಯಾಕಪ್. ಬುಕ್‌ಮಾರ್ಕ್ ನಿರ್ವಹಿಸುವ ಕಿಟಕಿಯನ್ನು ಕಂಟ್ರೋಲ್, ಶಿಫ್ಟ್, ಓ ಕೀಗಳನ್ನು ಒಟ್ಟಿಗೆ ಒತ್ತಿ ತೆರೆಯಬಹುದು. ಅಲ್ಲಿ ‘ಇಂಪೋರ್ಟ್ ಅಂಡ್ ಬ್ಯಾಕಪ್’ ಎಂಬಲ್ಲಿ ಎಲ್ಲ ಬುಕ್‌ಮಾರ್ಕ್‌ಗಳ ಪ್ರತಿಯೊಂದನ್ನು ಪೆನ್‌ಡ್ರೈವ್‌ಗೆ ಉಳಿಸಿಕೊಂಡೆ. ಬ್ರೌಸರ್ ತಾನಾಗಿಯೇ ಉಳಿಸಿಕೊಂಡಿರುವ ಹಳೆಯ ಪ್ರತಿಗಳೂ ಅದೇ ಜಾಗದ ‘ರಿಸ್ಟೋರ್’ ಪಟ್ಟಿಯಲ್ಲಿ ದಿನಾಂಕದ ಪ್ರಕಾರ ಸಿಗುತ್ತವೆ. ಇದನ್ನು ಮಕ್ಕಳ ಎದುರಿಗೇ ಮಾಡಿದೆ. ‘ಈಗ ಏನಾದರೂ ನಿಮ್ಮ ಕೆಲಸ ಉಳಿಯುತ್ತದೆ’ ಎಂದ ಮೇಲೆ ಅವರ ಆತಂಕ ಕಡಿಮೆಯಾಯಿತು. ಭಯ ಇರುವ ಕಡೆ ಪ್ರಯೋಗ ನಡೆಯುವುದಿಲ್ಲ.

ಊಹೆಗಳನ್ನು ಕಪ್ಪುಹಲಗೆಗೆ ತಂದದ್ದು

‘ಯಾಕೆ ನಿಲ್ಲುತ್ತಿದೆ?’ ಎಂದು ಕೇಳಿದಾಗ ಐದು ಉತ್ತರ ಬಂದವು: ನೆಟ್ ನಿಧಾನ, ವೈರಸ್, ಆ ಸೈಟ್‌ಗಳೇ ಸರಿಯಿಲ್ಲ, ಬುಕ್‌ಮಾರ್ಕ್ ಹಾಳಾಗಿದೆ, ಕಂಪ್ಯೂಟರ್ ಹಳೆಯದು. ಯಾವುದನ್ನೂ ಸರಿ ಅಥವಾ ತಪ್ಪು ಎನ್ನಲಿಲ್ಲ. ಹಲಗೆಯ ಮೇಲೆ ಮೂರು ಅಂಕಣ ಹಾಕಿದೆ: ನಮ್ಮ ಊಹೆ; ಅದು ನಿಜವಾದರೆ ಏನು ಕಾಣಬೇಕು; ನಿಜಕ್ಕೂ ಏನು ಕಂಡಿತು. ಎರಡನೆಯ ಅಂಕಣ ತುಂಬದೆ ಯಾರೂ ಕೀಬೋರ್ಡ್ ಮುಟ್ಟುವಂತಿಲ್ಲ ಎಂಬುದೊಂದೇ ನಿಯಮ.

ಈ ಎರಡನೆಯ ಅಂಕಣವೇ ಪಾಠದ ಬೆನ್ನೆಲುಬು. ‘ನೆಟ್ ನಿಧಾನ’ ಎಂಬುದು ನಿಜವಾದರೆ ಪಕ್ಕದ ಕಂಪ್ಯೂಟರಿನಲ್ಲೂ ಪುಟ ತಡವಾಗಿ ಬರಬೇಕು. ಜೊತೆಗೆ, ನೆಟ್ ನಿಧಾನವಾದರೆ ಪುಟ ಬರುವುದು ತಡವಾಗುತ್ತದೆಯೇ ಹೊರತು ಮೌಸ್ ಯಾಕೆ ನಿಲ್ಲಬೇಕು? ಪಕ್ಕದ ಯಂತ್ರದಲ್ಲಿ ನೋಡಿದರು, ಪುಟ ಬೇಗ ಬಂತು. ಮೊದಲ ಊಹೆಗೆ ಅಡ್ಡಗೆರೆ ಬಿತ್ತು.

ಎರಡು ಬದಲಾವಣೆ ಒಟ್ಟಿಗೆ ಆದಾಗ

ಮುಂದೆ ಫೋಲ್ಡರ್‌ನಲ್ಲಿದ್ದ ಒಂದು ವಿಳಾಸವನ್ನು ಕೈಯಿಂದ ಟೈಪ್ ಮಾಡಿದರು. ಪುಟ ಸಲೀಸಾಗಿ ತೆರೆಯಿತು. ‘ಹಾಗಾದರೆ ಬುಕ್‌ಮಾರ್ಕೇ ಹಾಳಾಗಿದೆ ಮಿಸ್!’ ಎಂದು ಇಡೀ ತರಗತಿ ತೀರ್ಪು ಕೊಟ್ಟಿತು. ಕಾದಿದ್ದ ಗಳಿಗೆ ಇದೇ. ‘ಬುಕ್‌ಮಾರ್ಕ್ ಹೇಗೆ ತೆರೆಯುತ್ತೀರಿ, ಒತ್ತದೆ ಬೆರಳಿಟ್ಟು ತೋರಿಸಿ’ ಎಂದೆ. ಒಬ್ಬಳು ಫೋಲ್ಡರ್ ತೆರೆದು ಪಟ್ಟಿಯ ಕೊನೆಯಲ್ಲಿದ್ದ ‘ಓಪನ್ ಆಲ್’ ಸಾಲನ್ನು ತೋರಿಸಿದಳು.

‘ಟೈಪ್ ಮಾಡಿದಾಗ ಎಷ್ಟು ಪುಟ ತೆರೆದಿರಿ?’
‘ಒಂದು.’
‘ಇಲ್ಲಿ ಒತ್ತಿದರೆ?’
ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಯಾರೋ ಮೆಲ್ಲಗೆ ‘ನಲವತ್ತಾರು’ ಎಂದರು.

ತೆರೆಯುವ ವಿಧಾನವೂ ಬದಲಾಗಿತ್ತು, ಪುಟಗಳ ಸಂಖ್ಯೆಯೂ ಬದಲಾಗಿತ್ತು. ದೋಷ ಯಾವುದರದ್ದು ಎಂದು ಹೇಗೆ ಹೇಳುವುದು? ‘ಚಲಕ’ ಎಂಬ ಪದವನ್ನು ಹಲಗೆಯ ಮೇಲೆ ಬರೆದದ್ದು ಈ ಪ್ರಶ್ನೆಯ ನಂತರವೇ. ಜೊತೆಗೆ ನಾಲ್ಕು ಮನೆಗಳ ಚೌಕವೊಂದನ್ನು ಎಳೆದೆ: ಟೈಪ್ ಮಾಡಿ ಒಂದು ಪುಟ, ಟೈಪ್ ಮಾಡಿ ಇಪ್ಪತ್ತು ಪುಟ, ಬುಕ್‌ಮಾರ್ಕ್‌ನಿಂದ ಒಂದು ಪುಟ, ಬುಕ್‌ಮಾರ್ಕ್‌ನಿಂದ ಇಪ್ಪತ್ತು ಪುಟ. ಒಂದು ಮನೆ ಆಗಲೇ ತುಂಬಿತ್ತು.

ಬುಕ್‌ಮಾರ್ಕ್‌ನಿಂದ ಒಂದೇ ಪುಟ ತೆರೆದರು, ತೊಂದರೆಯಿಲ್ಲ. ಇಪ್ಪತ್ತನ್ನು ಬೇರೆ ಫೋಲ್ಡರ್‌ಗೆ ಹಾಕಿ ಒಟ್ಟಿಗೆ ತೆರೆದರು, ಪರದೆ ನಿಂತಿತು. ಉಳಿದ ಮನೆ ತುಂಬಲು ಇಪ್ಪತ್ತು ವಿಳಾಸಗಳನ್ನು ಕೈಯಿಂದ ಹೊಡೆಯಬೇಕು, ಯಾರಿಗೂ ಉತ್ಸಾಹವಿರಲಿಲ್ಲ. ಇಬ್ಬರು ಹುಡುಗಿಯರು ಮುಂದೆ ಬಂದರು, ಒಬ್ಬಳು ಓದಿದಳು, ಇನ್ನೊಬ್ಬಳು ಟೈಪ್ ಮಾಡಿದಳು. ಹದಿನೇಳನೆಯ ಪುಟದ ಹೊತ್ತಿಗೆ ಯಂತ್ರ ಏದುಸಿರು ಬಿಡತೊಡಗಿತು, ಇಪ್ಪತ್ತಕ್ಕೆ ನಿಂತಿತು. ಬುಕ್‌ಮಾರ್ಕ್ ನಿರಪರಾಧಿ ಎಂದು ಸಾಬೀತಾದದ್ದು ಈ ಬೇಸರದ ಕೆಲಸದಿಂದಲೇ.

‘ವೈರಸ್’ ಎಂದವರಿಗೆ ಬ್ರೌಸರಿಗೆ ಸೇರಿಸಿಕೊಂಡ ಎಕ್ಸ್‌ಟೆನ್ಷನ್‌ಗಳ ಬಗ್ಗೆ ಹೇಳಿ, ಸಹಾಯ ಮೆನುವಿನ ‘ಟ್ರಬಲ್‌ಶೂಟ್ ಮೋಡ್’ ತೋರಿಸಿದೆ. ಇದರಲ್ಲಿ ಎಕ್ಸ್‌ಟೆನ್ಷನ್‌ಗಳೆಲ್ಲ ತಾತ್ಕಾಲಿಕವಾಗಿ ನಿಷ್ಕ್ರಿಯವಾಗುತ್ತವೆ. ಕಾಣಿಸುವ ಪೆಟ್ಟಿಗೆಯಲ್ಲಿ ‘ಓಪನ್’ ಮಾತ್ರ ಒತ್ತಬೇಕು, ‘ರಿಫ್ರೆಶ್’ ಒತ್ತಿದರೆ ಸೆಟ್ಟಿಂಗ್‌ಗಳು ಬದಲಾಗುತ್ತವೆ. ಆ ಸ್ಥಿತಿಯಲ್ಲೂ ಇಪ್ಪತ್ತು ಪುಟಕ್ಕೆ ಯಂತ್ರ ನಿಂತಿತು. ಎಕ್ಸ್‌ಟೆನ್ಷನ್ ಕಾರಣವಲ್ಲ.

ಕಾರಣದ ವಿವರಣೆ

ಎರಡನೆಯ ಅವಧಿಯಲ್ಲಿ ‘ಸಿಸ್ಟಂ ಮಾನಿಟರ್’ ತೆರೆದಿಟ್ಟು 5, 10, 20 ಪುಟಗಳನ್ನು ಕ್ರಮವಾಗಿ ತೆರೆದೆವು. ಪ್ರತಿ ಹಂತಕ್ಕೂ ಮೆಮೊರಿಯ ಗೆರೆ ಮೇಲೇರಿತು. ಇಪ್ಪತ್ತಕ್ಕೆ ಅದು ತುದಿ ಮುಟ್ಟಿ, ‘ಸ್ವಾಪ್’ ಗೆರೆ ಏರತೊಡಗಿತು. ‘ಮಿಸ್, ಸಿಪಿಯು ಡಬ್ಬದ ಲೈಟ್ ಮಿಣುಕ್ತಾ ಇಲ್ಲ, ಹತ್ತಿಕೊಂಡೇ ಇದೆ’ ಎಂದು ಒಬ್ಬ ಹುಡುಗ ಗಮನಿಸಿದ. ಅದು ಹಾರ್ಡ್ ಡಿಸ್ಕ್ ಬಿಡುವಿಲ್ಲದೆ ಓಡುತ್ತಿರುವ ಗುರುತು.

ಮೇಜು ಮತ್ತು ಬೀರುವಿನ ಹೋಲಿಕೆ ಕೊಟ್ಟೆ. ಮೇಜು ತುಂಬಿದರೆ ಒಂದು ಪುಸ್ತಕ ಬೀರುವಿಗೆ ಇಟ್ಟು ಇನ್ನೊಂದು ತರಬೇಕು. ಓದುವುದಕ್ಕಿಂತ ಓಡಾಟವೇ ಹೆಚ್ಚಾಗುತ್ತದೆ. ಮೆಮೊರಿ ಮೇಜು, ಹಾರ್ಡ್ ಡಿಸ್ಕ್ ಬೀರು. ಪರದೆ ನಿಂತಾಗ ಯಂತ್ರ ಸುಮ್ಮನಿರುವುದಿಲ್ಲ, ಓಡಾಡಿ ಸುಸ್ತಾಗುತ್ತಿರುತ್ತದೆ. ಆಗ ಪವರ್ ಬಟನ್ ಒತ್ತಿದರೆ ಬರೆಯುತ್ತಿರುವ ಕಡತ ಅರ್ಧಕ್ಕೆ ನಿಂತು ಹಾಳಾಗಬಹುದು. ಕೆಲವು ನಿಮಿಷ ಕಾದು ಟ್ಯಾಬ್‌ಗಳನ್ನು ಮುಚ್ಚುವುದು ಮೇಲು.

ಪರಿಹಾರ

ಮಕ್ಕಳು ಒಂದೂ ವಿಳಾಸ ಅಳಿಸದೆ, ವಿಷಯಕ್ಕೆ ತಕ್ಕಂತೆ ಆರೇಳು ಪುಟಗಳ ಸಣ್ಣ ಫೋಲ್ಡರ್‌ಗಳನ್ನು ಮಾಡಿಕೊಂಡರು. ಬಹಳಷ್ಟು ಟ್ಯಾಬ್‌ಗಳನ್ನು ಒಟ್ಟಿಗೆ ತೆರೆಯುವಾಗ ಫೈರ್‌ಫಾಕ್ಸ್ ಒಂದು ಎಚ್ಚರಿಕೆ ತೋರಿಸುತ್ತದೆ. ಮೊದಲಿನ ಮಿತಿ 15 ಟ್ಯಾಬ್. ಈ ಯಂತ್ರದಲ್ಲಿ ಯಾರೋ ಆ ಎಚ್ಚರಿಕೆಯ ಟಿಕ್ ತೆಗೆದಿದ್ದರು. ಸೆಟ್ಟಿಂಗ್ಸ್‌ನಲ್ಲಿ ಟ್ಯಾಬ್‌ಗಳ ಭಾಗಕ್ಕೆ ಹೋಗಿ ಅದನ್ನು ಮತ್ತೆ ಹಾಕಿದರು.

ಬೇರೆ ಶಾಲೆಯಲ್ಲಿ ಇದೇ ತೊಂದರೆ ಎದುರಾದವರಿಗೆ ಒಂದು ಮಾತು. ಟೈಪ್ ಮಾಡಿದ ಪುಟ ತೆರೆದು, ಬುಕ್‌ಮಾರ್ಕ್‌ನಿಂದ ಅದೇ ಒಂದು ಪುಟ ತೆರೆದಾಗ ಯಂತ್ರ ನಿಂತರೆ ಆಗ ದಾರಿ ಬೇರೆ. ಮೊದಲು ಟ್ರಬಲ್‌ಶೂಟ್ ಮೋಡ್ ನೋಡಿ. ಅಲ್ಲಿ ಸರಿಹೋದರೆ ಎಕ್ಸ್‌ಟೆನ್ಷನ್‌ಗಳಲ್ಲಿ ಅರ್ಧದಷ್ಟನ್ನು ನಿಲ್ಲಿಸಿ ಪರೀಕ್ಷಿಸಿ, ದೋಷವಿರುವ ಅರ್ಧವನ್ನು ಮತ್ತೆ ಅರ್ಧ ಮಾಡಿ. ಎಂಟು ಇದ್ದರೆ ಮೂರೇ ಪರೀಕ್ಷೆ ಸಾಕು. ಅಲ್ಲೂ ಸರಿಹೋಗದಿದ್ದರೆ ಬುಕ್‌ಮಾರ್ಕ್ ಮತ್ತು ಹಿಸ್ಟರಿ ಎರಡನ್ನೂ ಇಟ್ಟುಕೊಳ್ಳುವ ದತ್ತಾಂಶ ಕಡತವನ್ನು ಸಂಶಯಿಸಬೇಕು. ಸಹಾಯ ಮೆನುವಿನ ‘ಮೋರ್ ಟ್ರಬಲ್‌ಶೂಟಿಂಗ್ ಇನ್ಫರ್ಮೇಷನ್’ ಪುಟದಲ್ಲಿ ‘ಪ್ಲೇಸಸ್ ಡೇಟಾಬೇಸ್’ ಎಂಬಲ್ಲಿ ಅದನ್ನು ಪರಿಶೀಲಿಸುವ ಬಟನ್ ಇದೆ.

ಮೌಲ್ಯಮಾಪನ

ಕಂಪ್ಯೂಟರಿನ ಬಗ್ಗೆ ಪ್ರಶ್ನೆ ಕೇಳಲಿಲ್ಲ. ಕಲಿಕೆ ವರ್ಗಾವಣೆಯಾಗಿದೆಯೇ ಎಂದು ನೋಡಲು ಹೀಗೆ ಕೇಳಿದೆ: ‘ಟಾರ್ಚ್ ಉರಿಯುತ್ತಿಲ್ಲ. ಹೊಸ ಸೆಲ್, ಹೊಸ ಬಲ್ಬ್ ಎರಡೂ ನಿಮ್ಮ ಬಳಿ ಇವೆ. ಏನು ಮಾಡುತ್ತೀರಿ? ಯಾಕೆ?’ ಹೆಚ್ಚಿನವರು ಮೊದಲು ಒಂದನ್ನು ಮಾತ್ರ ಬದಲಿಸಿ ನೋಡುತ್ತೇವೆ ಎಂದು ಬರೆದರು. ಏಳೆಂಟು ಮಂದಿ ಎರಡನ್ನೂ ಒಟ್ಟಿಗೆ ಬದಲಿಸಿದರು. ಅವರಲ್ಲೊಬ್ಬ ಎದ್ದು ನಿಂತು ಕೇಳಿದ: ‘ಟಾರ್ಚ್ ಉರಿದರೆ ಸಾಕಲ್ವಾ ಮಿಸ್?’

ಅದು ನ್ಯಾಯವಾದ ಪ್ರಶ್ನೆ. ಉತ್ತರವನ್ನು ತರಗತಿಗೇ ಬಿಟ್ಟೆ. ‘ಚೆನ್ನಾಗಿರೋ ಬಲ್ಬ್ ಬಿಸಾಕಿಬಿಡ್ತೀಯಲ್ಲೋ, ಅದಕ್ಕೆ ದುಡ್ಡು ಕೊಟ್ಟಿಲ್ವಾ?’ ಎಂದಳು ಒಬ್ಬಳು. ಬುಕ್‌ಮಾರ್ಕ್ ಡಿಲೀಟ್ ಮಾಡಬೇಡಿ ಎಂದಿದ್ದ ಅದೇ ಹುಡುಗಿ.

ಅನಿಸಿಕೆ

ಕೆಲಸ ಆಗುವುದು ಬೇರೆ, ಕಾರಣ ತಿಳಿಯುವುದು ಬೇರೆ. ಅನುಕೂಲವಿರುವವರು ಎಲ್ಲವನ್ನೂ ಬದಲಿಸಿ ಮುಂದೆ ಹೋಗಬಲ್ಲರು. ವಸ್ತು ಕಡಿಮೆ ಇರುವ ಕಡೆ ಕಾರಣ ತಿಳಿಯದೆ ಗತಿಯಿಲ್ಲ. ನಮ್ಮ ಸರ್ಕಾರಿ ಶಾಲೆಯ ಮಕ್ಕಳಿಗೆ ಚಲಕ ನಿಯಂತ್ರಣ ಪರೀಕ್ಷೆಯ ಅಂಕಕ್ಕಿಂತ ದೊಡ್ಡ ವಿಷಯವೆನಿಸಿದ್ದು ಇದರಿಂದ. ಸಹಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ ಇಷ್ಟೇ: ನಿಮ್ಮ ಶಾಲೆಯಲ್ಲಿ ಕೆಟ್ಟು ನಿಂತಿರುವ ಒಂದು ವಸ್ತುವನ್ನು ಹುಡುಕಿ, ನಾಲ್ಕು ಮನೆಗಳ ಚೌಕ ಎಳೆಯಿರಿ, ಯಾರಿಗೂ ಬೇಡವಾದ ಮನೆಯನ್ನೂ ಬಿಡದೆ ತುಂಬಿಸಿ. ಗಿಡದ ಪಾಠಕ್ಕೆ ಹೋದಾಗ ‘ಎರಡನೆಯ ಗಿಡ ಯಾಕೆ?’ ಎಂಬ ಪ್ರಶ್ನೆಯನ್ನು ಮಕ್ಕಳೇ ಕೇಳಿಯಾರು.