ಸರ್ಕಾರಿ ವಸತಿ ನೆರವು: ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ

ನಗರಸಭೆಯಿರುವ ದಾಂಡೇಲಿ ಪಟ್ಟಣಕ್ಕೂ ಜೋಯಿಡಾದ ಕಾಡಂಚಿನ ಹಳ್ಳಿಗೂ ಕೇಂದ್ರದ ವಸತಿ ನಿಯಮ ಒಂದೇ ಅಲ್ಲ. ಸ್ಪರ್ಧಾತ್ಮಕ ಪರೀಕ್ಷೆಗಳ ಪ್ರಶ್ನೆಪತ್ರಿಕೆಗಳು ಈ ವ್ಯತ್ಯಾಸವನ್ನು ಕೇಳಬಹುದು.

ಪ್ರಧಾನಮಂತ್ರಿ ಆವಾಸ್ ಯೋಜನೆ (ನಗರ) ಆರಂಭವಾದದ್ದು 2015ರ ಜೂನ್ 25ರಂದು. ಇದ್ದ ಮನೆಯನ್ನು ವಿಸ್ತರಿಸಲೂ ಇದರಲ್ಲಿ ನೆರವು ಸಿಕ್ಕಿತು; ಆದರೆ ಕನಿಷ್ಠ 9 ಚದರ ಮೀಟರ್ ಪಕ್ಕಾ ಜಾಗ ಸೇರಿಸಬೇಕಿತ್ತು. ಬರೀ ಸುಣ್ಣಬಣ್ಣಕ್ಕೆ ಹಣವಿರಲಿಲ್ಲ.

ಪ್ರಧಾನಮಂತ್ರಿ ಆವಾಸ್ ಯೋಜನೆ (ಗ್ರಾಮೀಣ) 1985ರ ಇಂದಿರಾ ಆವಾಸ್‌ನ ಮುಂದುವರಿಕೆ, ಜಾರಿ 2016ರಿಂದ. ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು, ಅಡುಗೆ ಜಾಗವೂ ಸೇರಿ. ಬಯಲು ಪ್ರದೇಶಕ್ಕೆ 1.20 ಲಕ್ಷ ರೂಪಾಯಿ, ಕೇಂದ್ರ-ರಾಜ್ಯ ಪಾಲು 60:40. ಪಟ್ಟಿಗೆ ಗ್ರಾಮಸಭೆಯ ಪರಿಶೀಲನೆ ಬೇಕು. ಗುತ್ತಿಗೆದಾರರಿಗೆ ಅವಕಾಶವಿಲ್ಲ. ಜಿಪಿಎಸ್ ಗುರುತಿನ ಫೋಟೊ ದಾಖಲಾದಂತೆ ಕಂತುಗಳು ಫಲಾನುಭವಿಯ ಖಾತೆಗೇ ಬರುತ್ತವೆ. ಕರ್ನಾಟಕದಲ್ಲಿ ಹೊಣೆ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ್ದು.

ಈ ಸೀಮೆಯಲ್ಲಿ ನಿಜವಾದ ತೊಡಕು ಜಾಗದ ದಾಖಲೆ. ತಲೆಮಾರುಗಳಿಂದ ಅಲ್ಲೇ ಬಾಳಿದವರ ಕೈಯಲ್ಲೂ ಹಕ್ಕುಪತ್ರ ಇಲ್ಲದಿರಬಹುದು. ಅರಣ್ಯ ಜಾಗಕ್ಕೆ ಹಕ್ಕುಪತ್ರ ಪಡೆಯಲು 2006ರ ಅರಣ್ಯ ಹಕ್ಕು ಕಾಯ್ದೆಯಡಿ 2005ರ ಡಿಸೆಂಬರ್ 13ಕ್ಕೆ ಮೊದಲಿನ ಸ್ವಾಧೀನ ಇರಬೇಕು; ಮಿತಿ 4 ಹೆಕ್ಟೇರ್. ಬುಡಕಟ್ಟಿನವರಲ್ಲದ ಇತರ ಅರಣ್ಯವಾಸಿಗಳು 75 ವರ್ಷಗಳ ವಾಸವನ್ನು ತೋರಿಸಬೇಕು. ಹಕ್ಕುಪತ್ರ ದಂಪತಿಗೆ ಜಂಟಿ, ಮಾರುವಂತಿಲ್ಲ.

ಗಮನಿಸಿ: ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಆದರೆ ವಿಶೇಷ ದುರ್ಬಲ ಬುಡಕಟ್ಟು ಗುಂಪುಗಳಿಗಾಗಿ 2023ರಲ್ಲಿ ಬಂದ ಪಿಎಂ-ಜನಮನ್ ಯೋಜನೆಯ ಮನೆಗಳು ಅವರಿಗಿಲ್ಲ. ಆ ಯೋಜನೆಯ ವ್ಯಾಪ್ತಿಯಲ್ಲಿರುವ ರಾಜ್ಯದ ಸಮುದಾಯಗಳು ಜೇನುಕುರುಬ ಮತ್ತು ಕೊರಗ.